ಒಂದೇ ಬೆರಳಿನ ಬಣ್ಣ

ನನ್ನ ಅವ್ವನಿಗೆ,

ದೇವನೂರಿನಿಂದ ನಿನ್ನ ಮಗಳು ಮಾಡುವ ನಮಸ್ಕಾರ.

ಫೋನ್ ಮಾಡಿದರೆ "ಪಾಪು ಉಸಾರಾ? ಸರಿ, ಮಡಗ್ತೀನಿ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀನೇ ಓದು. ಅವ್ವ, ನನ್ನ ಬೆರಳುನೋವಿಗೆ ಕಾರಣ ಸಿಕ್ಕಿತು! ಅದು ನಿನ್ನ ಬಾಣಂತನ ಅಲ್ಲವೇ ಅಲ್ಲ!

ಎಡಗೈ ಉಂಗುರದ ಬೆರಳಿಗೆ ತಣ್ಣೀರು ತಾಗಿದರೆ ಭುಜದವರೆಗೂ ಸೆಳೆತ. ಪಾಪುವಿನ ಕಾಲು ಉಗುರಿಗೆ ತಗುಲಿದರೂ ಜೀವ ಹೋದಂತೆ. ನಿದ್ದೆಯಿಲ್ಲದೆ ಮೊಬೈಲಿನಲ್ಲಿ ಉಗುರಿನ ಕ್ಯಾನ್ಸರ್ ಹುಡುಕುತ್ತಾ, ನಾನು ಹೋದರೆ ಈ ಮಗುವನ್ನು ಯಾರು ಸಾಕುತ್ತಾರೆ ಅನ್ನುವವರೆಗೂ ಯೋಚಿಸಿಬಿಟ್ಟಿದ್ದೆ. ನಮ್ಮತ್ತೆ ಚನ್ನಾಜಮ್ಮನವರದು ಮಾತ್ರ ಒಂದೇ ಮಾತು: "ಅಸಿ ಮೈಲಿ ತಣ್ಣೀರು ಮುಟ್ಸವ್ರೆ ನಿಮ್ಮವ್ವ. ಶೀತ ಬೆರಳಿಗಿಳ್ದದೆ." ನಾಮಕರಣದ ದಿನ ನೆಂಟರ ಎದುರಿಗೇ ಅದನ್ನು ಅಂದುಬಿಟ್ಟರು. ನೀನು ಊಟವನ್ನೂ ಮಾಡದೆ ಬನ್ನೂರಿಗೆ ಹೋದವಳು ಮತ್ತೆ ಇತ್ತ ಬರಲೇ ಇಲ್ಲ. "ಆವತ್ತು ನಾನು ಗದ್ದೆತಕ್ಕೆ ಓಗ್ಬಾರ್ದಿತ್ತು ಕಣವ್ವ" ಅಂತ ನೀನು ಕಣ್ಣೀರು ಹಾಕಿದ್ದೆ. ನೀನು ಗದ್ದೆಗೆ ಹೋಗಿದ್ದಾಗ ಪಾಪುವಿನ ಒಂದು ಬಟ್ಟೆಯನ್ನು ನಲ್ಲಿಯ ತಣ್ಣೀರಿನಲ್ಲಿ ಹಿಂಡಿದ್ದೆನಲ್ಲ, ಅದಕ್ಕೇ ಹೀಗಾಯಿತೆಂದು ನಾನೂ ನಂಬಿದ್ದೆ.

ಮೊನ್ನೆ ನಂಜನಗೂಡಿನ ಚರ್ಮದ ಡಾಕ್ಟರ್ ಸಿಂಧು ಅವರ ಹತ್ತಿರ ಹೋದೆವು. ಅತ್ತೆಯೂ ಪಾಪುವನ್ನು ಎತ್ತಿಕೊಂಡು ಬಂದಿದ್ದರು. ಡಾಕ್ಟರು ಉಗುರಿನ ಮೇಲೆ ಬೆಳಕು ಬಿಟ್ಟು, ಒಳಗಿದ್ದ ನೀಲಿ ಚುಕ್ಕೆ ನೋಡಿದರು. ನನ್ನ ತಲೆಯ ಪಿನ್ನನ್ನೇ ಕೇಳಿ ತೆಗೆದುಕೊಂಡು, ಅದರ ತುದಿಯಿಂದ "ಇಲ್ಲಿ? ಇಲ್ಲಿ?" ಎನ್ನುತ್ತಾ ಒತ್ತಿದರು. ಒಂದು ಜಾಗಕ್ಕೆ ಬಂದಾಗ ಕಿರುಚಿಬಿಟ್ಟೆ. ಆಮೇಲೆ ಬಿ.ಪಿ. ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬಿ, ಅದೇ ಜಾಗ ಒತ್ತಿದರು. ನೋವೇ ಇಲ್ಲ ಅವ್ವ! ಗಾಳಿ ಬಿಟ್ಟರು, ನೋವು ವಾಪಸ್! ಡಾಕ್ಟರ ಮುಖ ಅರಳಿತು. "ಇದು ಗ್ಲೋಮಸ್ ಗೆಡ್ಡೆ ಇರಬೇಕು. ಅಪರೂಪ" ಅಂದರು. ಗೆಡ್ಡೆ ಅಂದಕೂಡಲೇ ಅತ್ತುಬಿಟ್ಟೆ. "ಅಯ್ಯೋ, ಅಳ್ಬೇಡ್ರೀ. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ" ಅಂದರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗಲೂ ಅದೇ ಕಂಡಿತು, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ತೆಗೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರಂತೆ.

"ಬಾಣಂತನದ ಶೀತದಿಂದ ಬಂತಾ ಮೇಡಂ?" ಅಂತ ಆವತ್ತೇ ಕೇಳಿದ್ದೆ. "ತಣ್ಣೀರಿಗೆ ಗೆಡ್ಡೆ ಹುಟ್ಟಲ್ಲ. ಇರೋ ಗೆಡ್ಡೆ ತಣ್ಣೀರಿಗೆ ನೋಯುತ್ತೆ, ಅಷ್ಟೆ. ಈ ಚುಕ್ಕೆ ಯಾವಾಗಿಂದ ಇದೆ, ನೆನಪು ಮಾಡ್ಕೊಳ್ಳಿ" ಅಂದರು.

ಆಗ ನೆನಪಾದದ್ದು ನಿನ್ನ ಮಾತೇ! ಬಿ.ಎಸ್ಸಿ. ಕೊನೆಯ ವರ್ಷ ಹಾಸ್ಟೆಲಿನಿಂದ ಊರಿಗೆ ಬಂದಾಗ ನೀನು ನನ್ನ ಕೈ ಹಿಡಿದು ನಕ್ಕಿದ್ದೆ: "ಇದೇನಮ್ಮಿ, ಒಂದೇ ಬೆರಳ್ಗೆ ಬಣ್ಣ? ಬಾಟ್ಲಿ ಮುಗ್ದೋಯ್ತಾ?" ಈ ನೀಲಿ ಚುಕ್ಕೆ ಕಾಣದಿರಲೆಂದೇ ಆ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದೆ ಅವ್ವ! ಬಸ್ಸಿನ ಬಾಗಿಲಿಗೆ ಸಿಕ್ಕಿದ ಗುರುತು ಅಂದುಕೊಂಡಿದ್ದೆ. ಆಗಿನ್ನೂ ಮದುವೆಯೇ ಇಲ್ಲ, ಶಿವು ಯಾರೆಂದೇ ನನಗೆ ಗೊತ್ತಿರಲಿಲ್ಲ, ಇನ್ನು ಬಾಣಂತನ ಎಲ್ಲಿಯದು? ಬಸುರಿಯಾದ ಮೇಲೆ ಬಣ್ಣ ಹಚ್ಚುವುದು ಬಿಟ್ಟೆ; ಬಾಣಂತನದಲ್ಲಿ ನೋವು ಶುರುವಾದಾಗ ಚುಕ್ಕೆ ಕಣ್ಣಿಗೆ ಬಿತ್ತು, ಹಳೆಯದನ್ನು ನಾನೇ ಮರೆತಿದ್ದೆ, ಎಲ್ಲರೂ ಹೊಸದು ಅಂದುಕೊಂಡೆವು.

ಅಲ್ಲೇ, ಡಾಕ್ಟರ ಎದುರಿಗೇ, ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಬಸ್ ಊರು ಮುಟ್ಟುವ ಹೊತ್ತಿಗೆ, ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಅಂಗಾದ್ರೆ ಬೀಗ್ತಿದೇನೂ ತಪ್ಪಿಲ್ಲ ಅನ್ನು" ಅಂದರು. ಪಾಪುವಿನ ಟೋಪಿ ಸರಿಮಾಡುತ್ತಾ, "ನೀನು ಬೆರಳು ಕುಯ್ಸ್ಕೊಂಡ್ರೆ ಮಗೀಗೆ ನೀರುಯ್ಯೋರ್ಯಾರು? ನನ್ನ ಮಂಡಿ ಬಗ್ಗಕಿಲ್ಲ. ನಿಮ್ಮವ್ವನ್ನ ಕರ್ಸು. ಬಸ್‌ಸ್ಟಾಪ್ಗೆ ನಾನೇ ಬತ್ತೀನಿ" ಅಂದರು.

ಅವರಿಗೆ ಇದಕ್ಕಿಂತ ಹೆಚ್ಚು ಹೇಳಲು ಬಾರದು ಅವ್ವ. ಬುಧವಾರ ಆಪರೇಷನ್. ಮಂಗಳವಾರವೇ ಬಾ. ಪಾಪುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀನು ಬಿಸಿನೀರು ಹುಯ್ಯಬೇಕು, ಎಲ್ಲರೂ ನೋಡಬೇಕು. ಗಾಯ ಮಾಗಿದ ಮೇಲೆ ಬನ್ನೂರಿನ ನಾಲೆಯಲ್ಲಿ ಮೊಣಕೈವರೆಗೂ ಕೈ ಅದ್ದಿಕೊಂಡು ಕೂರುತ್ತೇನೆ. ಆವತ್ತು ಮಾತ್ರ ಬೈಯಬೇಡ.

ನಂಜುಂಡಪ್ಪ ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ.

ಮಂಗಳವಾರ ಬಸ್‌ಸ್ಟಾಪಿನಲ್ಲಿ ಅತ್ತೆಯ ಪಕ್ಕ ನಿಂತು ಕಾಯುವ,
ನಿನ್ನ ವನಿತಾ