ಎರಡನೇ ಬ್ರೇಕು ಇಲ್ಲದ ಗಾಡಿ

ಮನೆ, ಹನ್ನೆರಡನೇ ತಾರೀಕು,
ಭಾನುವಾರ ಬೆಳಿಗ್ಗೆ

ಪ್ರೀತಿಯ ಚೂಟಿ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ರೋಗಿಗಳಿಗೆಲ್ಲ ಉಪದೇಶ ಹೇಳಿ ನೀನು ಮಾತ್ರ ಬನ್ನು ತಿಂದುಕೊಂಡು ವಾರ್ಡಿನಿಂದ ವಾರ್ಡಿಗೆ ಓಡುತ್ತಿದ್ದೀಯೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಜೊತೆಗೆ ಈಗ ಹೆಬ್ಬೆರಳೂ ನೋಯುತ್ತದಂತೆ, ಅದು ಅವಳೇ ತಂದುಕೊಂಡ ನೋವು. ಅಪ್ಪ ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ಅಮ್ಮನ ಕೈಗೆ ಕೊಟ್ಟು ಎದ್ದುಬಿಡುತ್ತೇನೆ. ಕಾಗದವಾದರೆ ಹಾಗೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ನಿನಗೆ ಸಿಕ್ಕಿದೆ, ಆದರೆ ಅದಕ್ಕೆ ಕಾರು ಓಡಿಸಲೇಬೇಕು, ಹಾಗಾಗಿ ತಿಂಗಳ ಕೊನೆಗೆ ಬೇಡ ಎಂದು ಬರೆದುಕೊಡುತ್ತೀ ಅಂತ ಅಮ್ಮ ಹೇಳಿದಳು. ಇಪ್ಪತ್ತೆಂಟು ವರ್ಷ ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದ ಮೇಷ್ಟ್ರ ಮಗಳು ನೀನು. ನಾನು ಪಕ್ಕದಲ್ಲಿ ಕೂತು ನಿನಗೆ ಕಲಿಸುತ್ತಿದ್ದಾಗ ಆ ಸರ್ಕಲ್ಲಿನಲ್ಲಿ ನಮ್ಮ ಸ್ಕೂಲಿನ ಕಾರು ಗಕ್ಕನೆ ನಿಂತು, ಹಿಂದಿನ ವ್ಯಾನು ಬಂದು ಗುದ್ದಿತಲ್ಲ, ಅವತ್ತಿನಿಂದ ನಾಲ್ಕು ವರ್ಷ ನೀನು ಸ್ಟೀರಿಂಗ್ ಮುಟ್ಟಿಲ್ಲ. "ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲಮ್ಮಾ" ಅಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಆ ಕೆಲಸ ಬೇಡ ಎಂದು ಬರೆಯುವ ಮೊದಲು ಈ ಕಾಗದವನ್ನು ಕೊನೆಯ ಸಾಲಿನವರೆಗೂ ಓದು. ನಡುವೆ ನಾನು ಅಡ್ಡದಾರಿ ಹಿಡಿದರೂ ಬಿಡದೆ ಓದು.

ಅಡ್ಡದಾರಿ ಇಲ್ಲಿಂದಲೇ ಶುರು. ಹೋದ ವಾರ ಅಮ್ಮ ಅಟ್ಟ ಗುಡಿಸುವಾಗ ನಿನ್ನ ಹಳೇ ವಿಡಿಯೋ ಗೇಮ್ ಡಬ್ಬಿ ಸಿಕ್ಕಿತು. ಅದೇ, ಪ್ರಾಣಿಗಳೆಲ್ಲ ಪುಟಾಣಿ ಕಾರಿನಲ್ಲಿ ಕೂತು ರೇಸ್ ಮಾಡುವ ಆಟ. ವೈರಿನ ಎರಡು ಜಾಯ್‌ಸ್ಟಿಕ್ಕೂ ಜೊತೆಗಿದ್ದವು. ಧೂಳು ಒರೆಸಿ ಟೀವಿಗೆ ಸಿಕ್ಕಿಸಿದರೆ, ಆಶ್ಚರ್ಯ, ಮೊದಲ ಸಲಕ್ಕೇ ಶುರುವಾಯಿತು. ನೀನು ಚಿಕ್ಕವಳಿದ್ದಾಗ "ಅಪ್ಪಾ, ಒಂದೇ ಒಂದು ರೇಸು" ಅಂತ ಎಷ್ಟು ಕರೆದೆ. ದಿನವೆಲ್ಲ ಅದೇ ಮಾಡಿ ಬಂದಿದ್ದೇನೆ, ಸಾಕು ಅಂತ ಒಮ್ಮೆಯೂ ಕೂರಲಿಲ್ಲ. ಈಗ ನಿವೃತ್ತನಾಗಿ ಕೂತಿದ್ದೇನೆ, ಕರೆಯುವವಳಿಲ್ಲ. ಅಮ್ಮನನ್ನೇ ಕೂರಿಸಿಕೊಂಡೆ. ಅವಳು ಕತ್ತೆಯನ್ನು ಆರಿಸಿಕೊಂಡಳು, ನಾನು ಹೆಗ್ಗಣವನ್ನು. ಮಧ್ಯಾಹ್ನದ ನಿದ್ದೆ ಬಿಟ್ಟು ಒಂದು ವಾರ ಆಡಿದ್ದೇವೆ ಕಣೇ, ಅವಳ ಹೆಬ್ಬೆರಳಿನ ಕಥೆ ಇದೇ.

ಕಲಿಯುವವರ ಗುಣದೋಷ ಬರೆದಿಡುವ ಅಭ್ಯಾಸ ನನ್ನದು, ಆಟವನ್ನೂ ಬಿಡಲಿಲ್ಲ. ದೋಷ ಮೊದಲು. ಒಂದು ಗಾಡಿಗೂ ಹಿಂದಿನದು ಕಾಣುವ ಕನ್ನಡಿ ಇಲ್ಲ, ಇಂಡಿಕೇಟರ್ ಅಂತೂ ಕೇಳಲೇಬೇಡ. ಕಂಪ್ಯೂಟರ್ ಓಡಿಸುವ ಒಂಟೆ ಶುದ್ಧ ಮೋಸಗಾರ. ನಾವು ಎಷ್ಟೇ ಮುಂದೆ ಹೋಗಿರಲಿ, ಕೊನೇ ಸುತ್ತಿನಲ್ಲಿ ಎಲ್ಲಿಂದಲೋ ಬಂದು ಬೆನ್ನಿಗೆ ಅಂಟಿಕೊಳ್ಳುತ್ತಾನೆ. ದಾರಿಯ ಮೇಲೆ ಬಹುಮಾನದ ಪೆಟ್ಟಿಗೆಗಳಿರುತ್ತವೆ, ಮುಂದಿರುವವನಿಗೆ ಅದರಲ್ಲಿ ಸಿಗುವುದು ಹಿಂದಿನವರು ಜಾರಲೆಂದು ಚೆಲ್ಲುವ ಒಂದು ಬಕೆಟ್ ಎಣ್ಣೆ. ಕೊನೆಯಲ್ಲಿರುವವನಿಗೆ ಗಾಡಿಯನ್ನೇ ಹಾರಿಸಿಕೊಂಡು ಹೋಗಿ ಎದುರು ಸಿಕ್ಕವರನ್ನು ಗುದ್ದಿ ಸರಿಸುವ ರಾಕೆಟ್ಟು. ಕಷ್ಟಪಟ್ಟು ಮೂರು ಸುತ್ತು ಚೆನ್ನಾಗಿ ಓಡಿಸಿ, ಗೆಲ್ಲುವ ಗೆರೆಗೆ ಹತ್ತು ಮಾರು ಇರುವಾಗ ಯಾರದೋ ರಾಕೆಟ್ಟು ತಿಂದು ಆರನೆಯವನಾದರೆ ಹೊಟ್ಟೆ ಉರಿಯುವುದಿಲ್ಲವೇ? ಮೊದಲ ದಿನ ನಾನು ಜಾಯ್‌ಸ್ಟಿಕ್ ಎಸೆದು ಮುಖ ಊದಿಸಿಕೊಂಡು ಅಂಗಳಕ್ಕೆ ಹೋದೆ. ಅಮ್ಮ ಕರೆಯಲೂ ಇಲ್ಲ, ಒಬ್ಬಳೇ ಇನ್ನೊಂದು ರೇಸ್ ಆಡಿದಳು.

ಆದರೆ ಆ ರಾಕೆಟ್ಟು ಅಮ್ಮನಿಗೆ ಸಿಕ್ಕಾಗ ಅವಳ ಮುಖ ನೋಡಬೇಕಿತ್ತು ನೀನು. ಜೀವಮಾನದಲ್ಲಿ ಸೈಕಲ್ಲೂ ತುಳಿಯದವಳು, ಕೊನೆಯಲ್ಲಿ ತಡಕಾಡುತ್ತಿದ್ದವಳು, ಸೊಂಯ್ ಅಂತ ನಾಲ್ಕು ಜನರನ್ನು ದಾಟಿಬಿಟ್ಟಳು. ಹಿಂದೆ ಬಿದ್ದವರಿಗೆ ಆಟ ಮುಗಿಯಿತು ಅನ್ನಿಸದ ಹಾಗೆ ಯಾರೋ ಯೋಚಿಸಿ ಮಾಡಿದ್ದಾರೆ. ಇನ್ನೊಂದು, ತಿರುವಿನಲ್ಲಿ ತಪ್ಪಿ ನೀರಿಗೆ ಬಿದ್ದರೆ ಕೊಕ್ಕರೆಯೊಂದು ಬಂದು ಗಾಡಿಯನ್ನು ಕೊಕ್ಕಿನಲ್ಲಿ ಎತ್ತಿ ಮತ್ತೆ ದಾರಿಯ ಮೇಲೆ ಇಡುತ್ತದೆ. ಯಾಕೆ ಬಿದ್ದೆ ಅಂತ ಕೇಳುವುದಿಲ್ಲ. ಎರಡು ಕ್ಷಣ ಹೋಗುತ್ತದೆ, ಅಷ್ಟೇ. ನನ್ನ ಹತ್ತಿರ ಕಲಿತವರು ಎಷ್ಟು ಜನ ನನ್ನ ಬಾಯಿಗೆ ಹೆದರಿ ಅರ್ಧಕ್ಕೇ ಬಿಟ್ಟರು ಅಂತ ಆ ಕೊಕ್ಕರೆಯನ್ನು ನೋಡಿದಾಗ ನೆನಪಾಯಿತು. ಕಲಿಸುವವನಾಗಿ ಅದು ನನಗಿಂತ ಮೇಲು.

ಆಟದ ದೊಡ್ಡ ಗುಣ ಗೊತ್ತಾದದ್ದು ಮೊನ್ನೆ. ಇಬ್ಬರು ಆಡುವಾಗ ಟೀವಿ ಎರಡು ಪಾಲಾಗುತ್ತದಲ್ಲ, ಮೇಲಿನದು ನನ್ನದು, ಕೆಳಗಿನದು ಅವಳದು. ನಾನೋ ನನ್ನ ಪಾಲು ಬಿಟ್ಟು ಅವಳದನ್ನೇ ನೋಡುತ್ತಾ ಎಡಕ್ಕೆ, ಬಲಕ್ಕೆ, ನಿಧಾನ ಅಂತ ಬಾಯಿ ಬಡಿದುಕೊಳ್ಳುತ್ತಿದ್ದೆ. ಹಿಮದ ತಿರುವು ಬಂತು. ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ, "ರೀ, ನಿಮ್ಮ ಕಾಲು ನೋಡ್ಕೊಳ್ಳಿ" ಅಂದಳು. ನೋಡಿದರೆ ನನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ಒತ್ತುವ ಹಾಗೆ. "ಇದು ನನ್ನ ಗಾಡಿ. ಇದರಲ್ಲಿ ನಿಮಗೆ ಬ್ರೇಕಿಲ್ಲ" ಅಂತ ಹೇಳಿ ತಿರುವನ್ನು ಸಲೀಸಾಗಿ ದಾಟಿದಳು. ನಾನು ನೀರಿಗೆ ಬಿದ್ದೆ. ಅವಳು ಎರಡನೆಯವಳಾಗಿ ಬಂದಳು, ನಾನು ಏಳನೆಯವನು. ಆ ರೇಸಿನಲ್ಲಿ ಮಾತ್ರ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅವಳ ಗಾಡಿಯನ್ನು ನೋಡಿ ಅಲ್ಲ, ನಿನ್ನನ್ನು ನೆನೆದು.

ಹೊರಗೆ ಬಿಸಿಲು ಚೆನ್ನಾಗಿದೆ, ಒಣಹಾಕಿದ ಬಟ್ಟೆ ತೆಗೆಯಲು ಅಮ್ಮ ಕೂಗುತ್ತಿದ್ದಾಳೆ. ಮೈ ಕೈ ನೋಡಿಕೋ. ರಾತ್ರಿಪಾಳಿ ಇದ್ದಾಗ ಕಾಲುಚೀಲ ಮರೆಯಬೇಡ. ನಿನ್ನ ಜೊತೆ ರೂಮಿನಲ್ಲಿರುವ ಹುಡುಗಿಗೂ ನಾವು ಕೇಳಿದೆವೆಂದು ಹೇಳು. ಎಲ್ಲಿದ್ದರೂ ನಗುನಗುತ್ತಾ ಇರು ಮಗಳೇ, ನಮ್ಮಿಬ್ಬರಿಗೆ ಅಷ್ಟು ಸಾಕು.

ನಿನ್ನ
ಅಪ್ಪ

ವಿ.ಸೂ.: ಇದು ಮರೆತು ಬಿಟ್ಟ ಮಾತಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಅವತ್ತು ಸರ್ಕಲ್ಲಿನಲ್ಲಿ ಬ್ರೇಕು ಒತ್ತಿದ್ದು ನೀನಲ್ಲ, ನಾನು. ಎಡಗಡೆಯಿಂದ ಸೈಕಲ್ಲೊಂದು ನುಗ್ಗಿದ ಹಾಗೆ ಕಂಡಿತು, ಕಾಲು ತಾನಾಗಿ ಹೋಯಿತು. ಆ ಸೈಕಲ್ಲು ದೂರದಲ್ಲೇ ನಿಂತಿತ್ತು. ನೀನು ಅದನ್ನು ನೋಡಿ ಆಗಲೇ ಬ್ರೇಕಿನ ಮೇಲೆ ಕಾಲಿಟ್ಟು ನಿಧಾನ ಮಾಡಿದ್ದೆ. ಎರಡು ಪೆಡಲಿಗೂ ಸರಳು ಒಂದೇ. ನಾನು ಒತ್ತಿದರೆ ನಿನ್ನ ಕಾಲ ಕೆಳಗಿನದೂ ಇಳಿಯುತ್ತದೆ. ಅದಕ್ಕೇ ನಿನ್ನ ಕಾಲೇ ಒತ್ತಿತು ಅಂತ ನೀನು ಅಂದುಕೊಂಡೆ. ವ್ಯಾನಿನವನು ಇಳಿದು ಬಂದು ಕೂಗಾಡಿದಾಗ, ಮೇಷ್ಟ್ರ ಮಾನ ಉಳಿಸಿಕೊಳ್ಳಲು "ಹೊಸಬಳು, ಹೆದರಿ ಒತ್ತಿಬಿಟ್ಟಳು" ಅಂದೆ. ನಾಲ್ಕು ವರ್ಷ ಅದನ್ನು ತಿದ್ದಲಿಲ್ಲ. ನಿನ್ನೆ ಅಮ್ಮನಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಕಾಗದ, ಪೆನ್ನು ತಂದು ಮುಂದಿಟ್ಟಳು. ನನ್ನನ್ನು ಕ್ಷಮಿಸುವುದು ನಿಧಾನಕ್ಕಾಗಲಿ, ಆ ಕೆಲಸಕ್ಕೆ ಮಾತ್ರ ಒಪ್ಪಿಗೆ ಬೇಗ ಬರೆದುಕೊಡು. ನಿನ್ನ ಕಾಲು ಅವತ್ತು ಸರಿಯಾಗಿಯೇ ಇತ್ತು ಕಣೇ.