ಬಿದ್ದವರು ಕಾಯಬೇಕು

ಮನೆಯಿಂದ,
ಬುಧವಾರ, ಮಾರ್ಚ್ ೧೧

ಮುದ್ದು ಪುಟ್ಟಿಗೆ ಅಮ್ಮನ ನೆನಪುಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ಪತ್ರ ಶುರು ಮಾಡುವುದು ವಾಡಿಕೆ. ಆ ಸಾಲನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ಎದೆಯ ಡಾಕ್ಟರು ಏನಂದರು ಎಂದು. ನಾನು ಏನೂ ಇಲ್ಲ ಎಂದು ಮಾತು ತೇಲಿಸಿ, ನಿಮ್ಮ ಸುರಂಗದ ಕೆಲಸ ಎಲ್ಲಿಗೆ ಬಂತು ಎಂದು ಕೇಳಿದೆ. ಈ ತಿಂಗಳ ಕೊನೆಯ ವಾರ ಎರಡು ಕಡೆಯಿಂದ ಕೊರೆದದ್ದು ಒಂದಕ್ಕೊಂದು ಬಂದು ಸೇರುತ್ತದೆ, ನಿನ್ನ ಅಳತೆ ಸರಿಯೋ ತಪ್ಪೋ ಅಂದು ಗೊತ್ತಾಗುತ್ತದೆ ಎಂದು ನೀನು ಹೇಳುತ್ತಿರುವಾಗಲೇ ಸಿಗ್ನಲ್ ಹೋಯಿತು. ಹೋದದ್ದೇ ಒಳ್ಳೆಯದಾಯಿತು ಅನ್ನಿಸಿತು ಎಂದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಡಾಕ್ಟರ ವಿಷಯ ಬರೆಯುತ್ತೇನೆ. ಅದಕ್ಕೆ ಮೊದಲು ಇನ್ನೊಂದನ್ನು ಹೇಳಬೇಕು. ಇದನ್ನು ಹೇಳದೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಓದಿ ನಗಬೇಡ.

ನಾನು ಯುದ್ಧಕ್ಕೆ ಹೋಗುತ್ತಿದ್ದೇನೆ. ವಾರದಲ್ಲಿ ಎರಡು ಮೂರು ಸಂಜೆ, ಮತ್ತೆ ಶನಿವಾರ ಮಧ್ಯಾಹ್ನದಿಂದ ಕತ್ತಲಾಗುವವರೆಗೆ. ನಕ್ಷೆ ಬಿಡಿಸಲೆಂದು ನೀನು ಕೊಂಡು ಇಲ್ಲೇ ಬಿಟ್ಟುಹೋದೆಯಲ್ಲ, ಆ ದೊಡ್ಡ ಕಂಪ್ಯೂಟರಿನಲ್ಲಿ. ಅದರ ಮುಂದೆ ನಿಮ್ಮಪ್ಪನ ಕುರ್ಚಿ ಹಾಕಿಕೊಂಡಿದ್ದೇನೆ. ಅವರು ಹೋದ ಮೇಲೆ ಆ ಕುರ್ಚಿಗೆ ಬಟ್ಟೆ ಹೊರುವುದನ್ನು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಇದಕ್ಕೆಲ್ಲ ಕಾರಣ ಕನ್ನಡಕದವಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಹುಡುಗಿ, ನಿನಗಿಂತ ಒಂದೆರಡು ವರ್ಷ ದೊಡ್ಡವಳು. ನಮ್ಮ ಡ್ರೈವಿಂಗ್ ಶಾಲೆಗೆ ಕಾರು ಕಲಿಯಲು ಸೇರಿದಳು. ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಾಳೆ, ರಿವರ್ಸ್ ಎಂದ ಕೂಡಲೇ ಅವಳಿಗೆ ಕೈಕಾಲೇ ಆಡುವುದಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಾಳೆ. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅವಳು ಸೇರಿದ ಮೇಲೆ ಅದನ್ನು ಹೊಸದಾಗಿ ಹಾಕಿಸಬೇಕಾಯಿತು. ಒಂದು ದಿನ ರೈಲ್ವೆ ಗೇಟಿನಲ್ಲಿ ಕಾಯುತ್ತಾ, ಅವಳ ಹೆದರಿಕೆ ಇಳಿಯಲಿ ಎಂದು, ಮನೆಯಲ್ಲಿ ಏನು ಮಾಡುತ್ತೀಯಮ್ಮ ಎಂದು ಕೇಳಿದೆ. ಕಂಪ್ಯೂಟರ್ ಆಟದಲ್ಲಿ ಎಂಟು ಹತ್ತು ಜನರ ತುಕಡಿ ನಡೆಸುತ್ತೇನೆ ಎಂದಳು. ಇವಳು ತುಕಡಿ ನಡೆಸುವುದೇ ಎಂದು ನಾನು ಬೆಪ್ಪಾಗಿ ನೋಡಿದೆ. ಅವಳಿಗೆ ಲಾರಿ ಓಡಿಸುವವರು ಸಿಗುತ್ತಿಲ್ಲವಂತೆ. ಎಲ್ಲರಿಗೂ ಬಂದೂಕು ಹಿಡಿಯುವ ಆಸೆ, ಸಾಮಾನು ಹೊರಲು ಯಾರಿಗೂ ಬೇಡ. ನೀವು ಬನ್ನಿ ಟೀಚರ್ ಎಂದು ಗೇಟು ತೆಗೆಯುವಷ್ಟರಲ್ಲಿ ನನ್ನನ್ನು ಒಪ್ಪಿಸಿಬಿಟ್ಟಳು.

ಅದು ಎಂಥ ಆಟ ಎಂದು ಹೇಳುತ್ತೇನೆ ಕೇಳು. ನಮ್ಮ ಕಡೆ ಐವತ್ತು ಜನ, ಅವರ ಕಡೆ ಐವತ್ತು ಜನ, ಎಲ್ಲರೂ ಎಲ್ಲೆಲ್ಲಿಯೋ ತಮ್ಮ ತಮ್ಮ ಮನೆಗಳಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತ ನಿಜವಾದ ಜನ. ಗುಡ್ಡ, ಹೊಲ, ಹಾಳು ಕಾರ್ಖಾನೆ ಎಲ್ಲ ಕಣ್ಣಿಗೆ ಕಟ್ಟುವ ಹಾಗಿರುತ್ತದೆ. ಆದರೆ ಶತ್ರು ಎಲ್ಲಿದ್ದಾನೆ ಎಂದು ಪರದೆ ತೋರಿಸುವುದಿಲ್ಲ. ಒಂದು ಗುಂಡು ತಗುಲಿದರೆ ಬಿದ್ದೆವು, ಎಲ್ಲಿಂದ ಬಂತೆಂದೂ ತಿಳಿಯುವುದಿಲ್ಲ. ಮದ್ದುಗುಂಡು ತಾನಾಗಿ ಹುಟ್ಟುವುದಿಲ್ಲ, ಯಾರಾದರೂ ಹಿಂದಿನಿಂದ ಲಾರಿಯಲ್ಲಿ ತರಬೇಕು. ಆ ಯಾರಾದರೂ ನಾನು.

ಮೊದಲ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಅವಾಂತರ. ರಸ್ತೆ ಇದೆಯಲ್ಲ ಎಂದು ರಸ್ತೆಯ ಮೇಲೆಯೇ, ನನ್ನ ಬದಿ ಬಿಡದೆ, ತಿರುವಿನಲ್ಲಿ ವೇಗ ಇಳಿಸಿ ಹೋದೆ. ಶತ್ರುಗಳು ಆ ತಿರುವಿನಲ್ಲೇ ನೆಲಬಾಂಬು ಹೂತಿದ್ದರು. ಮರುದಿನವೂ ಅದೇ ತಿರುವು, ಅದೇ ಬಾಂಬು. ಯುದ್ಧದಲ್ಲಿ ಸಂಚಾರ ನಿಯಮ ಪಾಲಿಸಿ ಸತ್ತವರು ನೀವೊಬ್ಬರೇ ಎಂದು ತುಕಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತಿನವರೆಗೆ ನಾನು ಕೊಂದದ್ದು ಒಬ್ಬನನ್ನೇ, ಅದೂ ಲಾರಿ ಹಿಂದಕ್ಕೆ ತೆಗೆಯುವಾಗ, ಅದೂ ನಮ್ಮವನನ್ನೇ. ರಿವರ್ಸ್ ಕಲಿಸುವ ಟೀಚರ್ ಹೀಗೆ ಮಾಡಿದ್ದಕ್ಕೆ ಕನ್ನಡಕದವಳಿಗೆ ಆದ ಸಂತೋಷ ನೋಡಬೇಕಿತ್ತು. ಮುಂದಿನ ಪಾಠಕ್ಕೆ ಬಂದಾಗ ಕಾರು ಹತ್ತುವ ಮೊದಲೇ ನಗಲು ಶುರು ಮಾಡಿದಳು.

ಸತ್ತವನು ಬೇಕರಿಯವನು. ನಮ್ಮ ತುಕಡಿಯ ವೈದ್ಯ, ಅಂದರೆ ಗಾಯಾಳುಗಳಿಗೆ ಪಟ್ಟಿ ಕಟ್ಟಿ ಎಬ್ಬಿಸುವವನು. ನಿಜ ಜೀವನದಲ್ಲಿ ಬ್ರೆಡ್ಡಿನ ಒಲೆ ನೋಡಿಕೊಳ್ಳುತ್ತಾನೆ. ಬೆಳಗಾಗುವ ಮುಂಚೆಯೇ ಒಲೆ ಹಚ್ಚಬೇಕು, ಹಾಗಾಗಿ ಕತ್ತಲಾಗುತ್ತಿದ್ದ ಹಾಗೆ ಮಲಗಲು ಹೋಗುತ್ತಾನೆ. ಅವನಿಗೋಸ್ಕರ ನಮ್ಮ ಯುದ್ಧವೂ ಬೇಗ ಮುಗಿಯುತ್ತದೆ. ಅವನ ಮುಖ ನಾನು ನೋಡಿಲ್ಲ. ದನಿ ಮಾತ್ರ ಗೊತ್ತು, ನಿಧಾನದ ದನಿ.

ಇದರಲ್ಲಿ ಏನು ಖುಷಿ ಎಂದು ನೀನು ಕೇಳುತ್ತೀಯ. ನನಗೂ ಮೊದಲು ಗೊತ್ತಾಗಲಿಲ್ಲ. ಈಗ ಗೊತ್ತಿದೆ. ಅಲ್ಲಿ ಯಾರೂ ಸುಮ್ಮಸುಮ್ಮನೆ ಮಾತಾಡುವುದಿಲ್ಲ. ದಿಕ್ಕು, ದೂರ, ಎಷ್ಟು ಜನ, ಅಷ್ಟೇ. ಅಲ್ಲಿ ಅಲ್ಲಿ ಎಂದು ಅರಚಿದರೆ ಕನ್ನಡಕದವಳು ಎಲ್ಲಿ ಎಂದು ತಣ್ಣಗೆ ಕೇಳುತ್ತಾಳೆ. ಇಷ್ಟು ವರ್ಷ ಸ್ಟೀರಿಂಗ್ ಹಿಡಿದವರಿಗೆ ನಾನು ಹೇಳಿಕೊಟ್ಟದ್ದೂ ಇದನ್ನೇ. ಕಾರಿನಲ್ಲಿ ಬೆವರುವ ಹುಡುಗಿ ಅಲ್ಲಿ ಕುಂಡಿಗೆ ಬೆಂಕಿ ಬಿದ್ದಾಗಲೂ ಒಂದಿಷ್ಟೂ ದನಿ ಏರಿಸುವುದಿಲ್ಲ. ನಾನು ಗುಡ್ಡದ ಹಿಂಬದಿಯಿಂದ, ದೀಪವಿಲ್ಲದೆ, ಗೇರು ಇಳಿಸಿ ಲಾರಿ ತಂದು ನಿಲ್ಲಿಸಿದಾಗ, ಗುಂಡು ಖಾಲಿಯಾಗಿ ಗೋಡೆಗೆ ಒರಗಿ ಕೂತವರು ಟೀಚರ್ ಬಂದರು ಎನ್ನುತ್ತಾರೆ. ಆ ಎರಡು ಮಾತು ಕೇಳಲು ನಾನು ಅಂದಿನ ಪಾಠವೆಲ್ಲ ಮುಗಿಸಿ ಓಡಿ ಬರುತ್ತೇನೆ. ಓಡಿ ಬರುವುದು ಎಂದರೆ ಮಾತಿಗೆ. ಆಟದಲ್ಲಿ ದೂರ ಓಡಿದ ಸೈನಿಕ ಏದುಸಿರು ಬಿಡುವುದು ಕಿವಿಗೆ ಕೇಳಿಸುತ್ತದೆ. ಮನೆಯ ಮೆಟ್ಟಿಲು ಹತ್ತುವಾಗ ನನ್ನದೂ ಈಗ ಅದೇ ಸದ್ದು. ಅದು ಇರಲಿ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಗುಂಡು ತಗುಲಿ ಬಿದ್ದರೆ ಕೂಡಲೇ ಸಾಯುವುದಿಲ್ಲ. ಪರದೆ ಕಪ್ಪಾಗುತ್ತದೆ, ಮಾತು ಮಾತ್ರ ಕೇಳಿಸುತ್ತಿರುತ್ತದೆ. ಆಗ ಎರಡು ದಾರಿ. ವೈದ್ಯ ಬಂದು ಎಬ್ಬಿಸುವವರೆಗೆ ಕಾಯಬಹುದು. ಇಲ್ಲವಾದರೆ ಕೈಬಿಟ್ಟೆ ಎಂದು ಒಂದು ಬಟನ್ ಒತ್ತಿ, ಸತ್ತು, ಹಿಂದಿನ ಠಾಣೆಯಿಂದ ಮತ್ತೆ ಹೊರಡಬಹುದು. ನಮ್ಮ ತುಕಡಿಯಲ್ಲಿ ಒಂದು ಪದ್ಧತಿ ಇದೆ: ಬಿದ್ದವರು ಕಾಯಬೇಕು. ನನಗೆ ಅದನ್ನು ಮೊದಲ ದಿನವೇ ಹೇಳಿದ್ದರು. ನಾನು ಮಾತ್ರ ಬಿದ್ದ ಕೂಡಲೇ ಬಟನ್ ಒತ್ತುತ್ತಿದ್ದೆ. ನನಗೋಸ್ಕರ ಯಾರೋ ಅಷ್ಟು ದೂರದಿಂದ ಬರುವುದು ಯಾಕೆ, ಅವರವರ ಕೆಲಸ ಅವರಿಗಿರುತ್ತದೆ ಎಂದು. ಅದು ಸೌಜನ್ಯ ಎಂದೇ ತಿಳಿದಿದ್ದೆ.

ಹೋದ ತಿಂಗಳು ಒಂದು ಶನಿವಾರ, ನಾವು ಹಿಡಿದುಕೊಂಡಿದ್ದ ನೀರಿನ ಟ್ಯಾಂಕಿನ ಹತ್ತಿರ ಲಾರಿಗೆ ಹೊಡೆತ ಬಿತ್ತು. ನಾನು ಹೊಲದ ಬದುವಿನ ಮೇಲೆ ಬಿದ್ದಿದ್ದೆ. ಬೇಕರಿಯವನು ಬರುತ್ತಿದ್ದೇನೆ ಎಂದ. ಹೊಗೆ ಬಾಂಬು ಎಸೆದು, ಆ ಹೊಗೆಯ ಮರೆಯಲ್ಲಿ ತೆವಳುತ್ತಾ ಬಯಲು ದಾಟುತ್ತಿದ್ದ. ನಾಲ್ಕೂ ಕಡೆಯಿಂದ ಗುಂಡು. ನನಗೆ ಪಾಪ ಅನ್ನಿಸಿ ಬಟನ್ ಒತ್ತಿದೆ. ಅವನು ಬಂದು ತಲುಪಿದಾಗ ಅಲ್ಲಿ ಯಾರೂ ಇರಲಿಲ್ಲ. ಖಾಲಿ ಬದುವಿನ ಮೇಲೆ ಅವನೂ ಸತ್ತ. ಎಬ್ಬಿಸುವವರು ಇಲ್ಲದೆ ಉಳಿದವರೂ ಒಬ್ಬೊಬ್ಬರಾಗಿ ಹೋದರು, ಟ್ಯಾಂಕು ಕೈತಪ್ಪಿತು.

ಆಟ ಮುಗಿದ ಮೇಲೆ ನಾನು ಕ್ಷಮೆ ಕೇಳಿದೆ. ನಿಮಗೆ ತೊಂದರೆ ಕೊಡಬಾರದು ಅಂತ ಹಾಗೆ ಮಾಡಿದೆ ಎಂದೆ. ಬೇಕರಿಯವನು ಹೇಳಿದ, ಅದೇ ನಿಧಾನದ ದನಿಯಲ್ಲಿ.

"ಬರೋದು ನನ್ನ ಕೆಲಸ, ಟೀಚರ್. ಬರೋಕೆ ಆಗತ್ತೋ ಇಲ್ವೋ ನಾನು ನೋಡ್ಕೋತೀನಿ. ನೀವು ಮೊದಲೇ ಹೋಗ್ಬಿಟ್ರೆ ನಾನು ಯಾರ ಹತ್ರ ಬರ್ಲಿ?"

ಅವನು ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಬ್ರೆಡ್ಡು ಯಾಕೆ ಉಬ್ಬಲಿಲ್ಲ ಎಂದು ಕೇಳುವ ಹಾಗೆ ಕೇಳಿದ. ನನಗೆ ಅಂದು ಊಟ ಸೇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಒಬ್ಬಳೇ ಟ್ಯಾಕ್ಸಿಯಲ್ಲಿ ಮನೆಗೆ ಬಂದಿದ್ದೆನಲ್ಲ, ಅದನ್ನು ಪಕ್ಕದ ಮನೆಯವರ ಬಾಯಿಂದ ಕೇಳಿ ನೀನು ಫೋನಿನಲ್ಲಿ ಅತ್ತದ್ದು ನೆನಪಾಯಿತು. ನಿನ್ನ ಕೆಲಸ ಕೆಡಬಾರದೆಂದು ಹೇಳಲಿಲ್ಲ, ಅದಕ್ಕೆ ಅಳುವುದು ಯಾಕೆ ಎಂದು ಆಗ ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮಕ್ಕಳು ಹೇಳಿದರೆ ತಲೆಗೆ ಹೋಗದ್ದು, ಮುಖ ನೋಡದ ಬೇಕರಿಯವನು ಹೇಳಿದಾಗ ಹೋಯಿತು. ಬೇಜಾರು ಮಾಡಿಕೊಳ್ಳಬೇಡ.

ಮುಂದಿನ ಶನಿವಾರ ಮತ್ತೆ ಬಿದ್ದೆ, ಈ ಸಲ ಸೇತುವೆಯ ಕೆಳಗೆ. ಕೈ ಅಭ್ಯಾಸಬಲದಿಂದ ಬಟನ್ನಿನ ಕಡೆಗೇ ಹೋಯಿತು. ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ಕಾಯುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ ಪುಟ್ಟಿ. ಲಾರಿ ಓಡಿಸುವುದು ಸುಲಭ, ಗುಂಡಿನ ನಡುವೆ ಓಡಿಸುವುದೂ ಸುಲಭ. ಕಪ್ಪು ಪರದೆ ನೋಡುತ್ತಾ, ಏನೂ ಮಾಡದೆ, ಒಬ್ಬರು ನನಗೋಸ್ಕರ ಬರುತ್ತಿದ್ದಾರೆ ಎಂಬುದನ್ನು ಸಹಿಸಿಕೊಂಡು ಬಿದ್ದಿರಬೇಕಲ್ಲ, ಅದಕ್ಕೆ ನಾಚಿಕೆ ಬಿಡಬೇಕು. ನಾನು ಇದ್ದೇನೆ, ಸೇತುವೆ ಕೆಳಗೆ, ಬಲಗಡೆ ಎರಡನೇ ಕಂಬ ಎಂದು ಮೈಕಿನಲ್ಲಿ ಹೇಳಿದೆ. ಹಾಗೆ ಹೇಳಿದ್ದು ಅದೇ ಮೊದಲು. ಕನ್ನಡಕದವಳು ಇಬ್ಬರನ್ನು ದಂಡೆಗೆ ಕಳಿಸಿದಳು, ಅವರು ಆ ಕಡೆಯವರನ್ನು ತಡೆದು ಹಿಡಿದರು. ಆಮೇಲೆ ನೀರಿನಲ್ಲಿ ಹೆಜ್ಜೆಯ ಸದ್ದು ಕೇಳಿಸಿತು. ಪರದೆ ಬೆಳಗಿತು. ಎದುರಿಗೆ ಹೆಲ್ಮೆಟ್ಟಿನ ಮುಖ.

"ಇದ್ದೀರಲ್ಲ," ಎಂದ ಬೇಕರಿಯವನು. ಅಷ್ಟೇ.

ಆ ಸಂಜೆ ನಾವು ಸೋತೆವು, ಕೂದಲೆಳೆಯ ಅಂತರದಲ್ಲಿ. ಯಾರಿಗೂ ಸೋತ ಹಾಗೆ ಅನ್ನಿಸಲಿಲ್ಲ. ಬೇಕರಿಯವನು ಆಕಳಿಸುತ್ತಾ ಮಲಗಲು ಹೋದ. ನಾನು ಕಂಪ್ಯೂಟರ್ ಆರಿಸಿ ಚಹಾ ಮಾಡಿಕೊಂಡೆ. ಇಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ಕನ್ನಡಕದವಳಿಗೆ ಸೋಮವಾರ ಮೂರನೆಯ ಪರೀಕ್ಷೆ. ರಿವರ್ಸ್ ಮಾಡುವಾಗ ತುಕಡಿಯ ಜೊತೆ ಮಾತಾಡುವ ಹಾಗೆ ಬಾಯಿಬಿಟ್ಟು ದಿಕ್ಕು, ದೂರ ಹೇಳಿಕೊಳ್ಳುತ್ತಾ ಹೋಗು ಎಂದು ಹೇಳಿಕೊಟ್ಟಿದ್ದೇನೆ. ಈಗ ಕಂಬಕ್ಕೆ ತಾಗಿಸುವುದಿಲ್ಲ. ಪಾಸಾಗುತ್ತಾಳೆ.

ಈ ಪತ್ರವನ್ನು ನಿಮ್ಮಲ್ಲಿಗೆ ಸಾಮಾನು ತರುವ ಲಾರಿಯವನ ಕೈಗೆ ಕೊಡುತ್ತಿದ್ದೇನೆ. ಅವನೂ ನನ್ನ ಹತ್ತಿರ ಕಲಿತವನೇ, ಜೋಪಾನವಾಗಿ ತಲುಪಿಸುತ್ತಾನೆ. ಸುರಂಗದೊಳಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಒರೆಸಿಕೊಳ್ಳದೆ ಮಲಗಬೇಡ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
(ಯುದ್ಧಭೂಮಿಯಲ್ಲಿ, ಟೀಚರ್)

ಮರೆತ ಮಾತು: ಮರೆತದ್ದಲ್ಲ. ಇಲ್ಲಿ ಎಲ್ಲ ಕ್ಷೇಮ ಎಂಬ ಸಾಲನ್ನು ಕೊನೆಗೆ ಬರೆಯುತ್ತೇನೆ ಎಂದಿದ್ದೆ, ಬರೆಯಲು ಆಗುತ್ತಿಲ್ಲ. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲವಂತೆ. ಎದೆ ತೆರೆದು ಬದಲಾಯಿಸಬೇಕು. ಇಪ್ಪತ್ತಾರಕ್ಕೆ ಗೊತ್ತು ಮಾಡಿದ್ದಾರೆ. ಜೊತೆಗೆ ಯಾರಿರುತ್ತಾರೆ ಎಂದು ಡಾಕ್ಟರು ಕೇಳಿದಾಗ, ಯಾರೂ ಬೇಡ, ನಾನೇ ಬಂದು ಸೇರಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೆ. ನಿನ್ನೆ ಮತ್ತೆ ಹೋಗಿ, ನನ್ನ ಮಗಳು ಇರುತ್ತಾಳೆ ಎಂದು ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದು. ನಿಮ್ಮ ಸುರಂಗ ಬಂದು ಸೇರುವ ವಾರವೂ ಅದೇ ಎಂದು ಗೊತ್ತಿದ್ದೇ ಹೇಳಿದ್ದು. ರಜೆ ಸಿಗದಿದ್ದರೆ ಪರವಾಗಿಲ್ಲ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ, ಅದು ಬಟನ್ ಒತ್ತಿದ ಹಾಗೆ. ನಾನು ಬಿದ್ದಲ್ಲೇ ಇದ್ದೇನೆ ಪುಟ್ಟಿ. ಬಾ.