ಅಮ್ಮಿಯ ಕೋಣೆಯ ಕರೆಂಟು

ಅಕ್ಟೋಬರ್ 6, ಸೋಮವಾರ

ಫ್ರಿಜ್ಜಿನ ಕರೆಂಟು ಅಳೆದು ಮುಗಿಯಿತು. ದಿನಕ್ಕೆ ಒಂದು ಯೂನಿಟ್ಟೂ ಇಲ್ಲ. ಪಾಪ, ಸುಮ್ಮನೆ ಬೈದೆ ಅದನ್ನು. ನಾಳೆ ವಾಷಿಂಗ್ ಮಷೀನ್.

ಮೀಟರ್ ಲೋಕೇಶನದು. ನಮ್ಮ ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್, ಬೈರಾಪಟ್ಟಣದವನು. ಬಿಡದಿ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಹೇಳಿಕೊಟ್ಟ. "ಗ್ವಾಡೆ ಸಾಕೆಟ್‌ಗೆ ಇದ್ನ ಸಿಗ್ಸಿ, ಇದ್ರೊಳ್ಗೆ ಫ್ರಿಜ್ ಪ್ಲಗ್ ಹಾಕಿ ದಿಲ್ಶಾದಕ್ಕ. ಎಷ್ಟು ಕುಡಿತೈತೋ ಅದೇ ತೋರುಸ್ತದೆ."

ಅಮ್ಮಿ ಹೋಗಿ ಎರಡು ತಿಂಗಳು. ಹಗಲೂ ರಾತ್ರಿ ಓಡುತ್ತಿದ್ದ ಅವಳ ಆಕ್ಸಿಜನ್ ಮಷೀನ್ ನಿಂತಿದೆ. ಕರೆಂಟು ಬಿಲ್ಲು ಅರ್ಧಕ್ಕಿಳಿಯಬೇಕಿತ್ತು. ಇಳಿದದ್ದು ಸ್ವಲ್ಪವೇ. "ಹಳೇ ಮನೆ, ಎಲ್ಲೋ ಅರ್ತ್ ಆಗ್ತಿರ್ಬೇಕು" ಅಂದರು ಅಬ್ಬಾ. ತಟ್ಟೆ ನೋಡುತ್ತ.

ಅಕ್ಟೋಬರ್ 9

ವಾಷಿಂಗ್ ಮಷೀನ್, ಟಿವಿ, ಮಿಕ್ಸಿ... ಎಲ್ಲ ಸಾಚಾ. ಎಲ್ಲ ಕೂಡಿಸಿದರೂ ಬಿಲ್ಲಿನ ಹತ್ತಿರ ಬರುವುದಿಲ್ಲ. ಉಳಿದದ್ದು ಅಮ್ಮಿಯ ಕೋಣೆ. ಹೋಗಲು ಮನಸ್ಸಿಲ್ಲ. ನೋಡೋಣ.

ಅಕ್ಟೋಬರ್ 13, ಸಂಜೆ

ಬೆಳಿಗ್ಗೆ ಡ್ಯೂಟಿಗೆ ಮೊದಲು ಕೋಣೆಗೆ ಹೋದೆ. ಮಷೀನಿಗೆ ಅಮ್ಮಿಯ ದುಪಟ್ಟಾ ಹೊದಿಸಿದ್ದೆ, ಹಾಗೇ ಇತ್ತು. ಪ್ಲಗ್ ಸಾಕೆಟ್ಟಿನಲ್ಲೇ. ನಡುವೆ ಮೀಟರ್ ಸಿಕ್ಕಿಸಿದೆ. ನಿಂತ ಮಷೀನು, ಏನು ತೋರಿಸೀತು?

ಈಗ ಬಂದು ನೋಡಿದರೆ ಮೂರು ಯೂನಿಟ್.

ಮುಟ್ಟಿದೆ. ಬೆಚ್ಚಗಿತ್ತು. ಮಷೀನಿನ ನೀರಿನ ಬಾಟಲಿ ಖಾಲಿ ಮಾಡಿ ತೊಳೆದಿಟ್ಟವಳು ನಾನೇ — ಈಗ ಗೆರೆತನಕ ನೀರು. ಮೂಗಿನ ಟ್ಯೂಬು ದಿಂಬಿನ ಮೇಲೆ, ಅಮ್ಮಿ ತಲೆಯಿಡುತ್ತಿದ್ದ ಜಾಗದಲ್ಲಿ. ದಿಂಬು ತಗ್ಗಾಗಿತ್ತು... ಅಥವಾ ನನಗೆ ಹಾಗೆ ಕಂಡಿತೋ.

"ಅಬ್ಬಾ, ಮನೆಗೆ ಯಾರಾದ್ರೂ ಬಂದಿದ್ರಾ?"

"ನಾನೇ ಇರ್ಲಿಲ್ವಲ್ಲಮ್ಮಾ. ಬೊಂಬೆ ಕಾರ್ಖಾನೆಗೆ ಹೋಗಿದ್ದೆ."

ಅವರ ಕೈ ನೋಡಿದೆ. ಉಗುರಿನಲ್ಲಿ ಬೊಂಬೆಗೆ ಬಳಿಯುವ ಅರಗಿನ ಬಣ್ಣ ಒಂದು ಚುಕ್ಕೆಯೂ ಇಲ್ಲ.

ಕೆಟ್ಟದ್ದು ತಾಗದಿರಲಿ ಅಂತ ಆಯತುಲ್ ಕುರ್ಸಿ ಓದಿಕೊಂಡೆ.

ಅಕ್ಟೋಬರ್ 14

ಅರ್ಧ ದಿನ ರಜೆ ಹಾಕಿ ಬಂದೆ. ಮನೆ ಬಾಗಿಲಲ್ಲೇ ಕೇಳಿತು. ಗುರ್ರ್... ಪುಸ್. ಗುರ್ರ್... ಪುಸ್. ಒಳಗೆ ಅಮ್ಮಿ ಇದ್ದಾಳೆ ಅಂತಲೇ... ಒಂದು ಗಳಿಗೆ ಖುಷಿಯೂ ಆಯಿತು.

ಅಬ್ಬಾ. ಮಂಚದ ಪಕ್ಕ ಸ್ಟೂಲಿನ ಮೇಲೆ. ಟ್ಯೂಬನ್ನು ದಿಂಬಿನ ಹತ್ತಿರ ಎರಡು ಬೆರಳಲ್ಲಿ ಹಿಡಿದುಕೊಂಡು. ಸ್ವಿಚ್ಚಿಗೆ ಕೈ ಚಾಚಿದೆ. ಮಣಿಕಟ್ಟು ಹಿಡಿದರು.

"ಆಫ್ ಮಾಡ್ಬೇಡ ದಿಲ್ಶೂ. ಅವತ್ತು ಮಾಡಿದ್ದು ನಾನೇ."

"ಅವತ್ತು ಅಂದ್ರೆ?"

"ನನ್ನ ಮುನ್ನೀನೇ, ನಿಮ್ಮಮ್ಮೀನೇ ಕೇಳಿದ್ಳು. ಈ ಗಲಾಟೆ ನಿಲ್ಲಿಸ್ರೀ, ಒಸಿ ನಿಮ್ಮ ಮಾತು ಕೇಳ್ಬೇಕು ಅಂದ್ಳು. ನಿಲ್ಲಿಸ್ದೆ. ಮದ್ವೆ ಟೈಮಿನ ಮಾತೆಲ್ಲ ಆಡ್ತಾ ಕೂತೆ. ನಗ್ತಾ ಇದ್ಳು ನಿಮ್ಮಮ್ಮಿ... ನಗ್ತಾ ನಗ್ತಾ ನಿದ್ದೆ ಹೋದ್ಳು ಅನ್ಕೊಂಡೆ."

ಹೇಗಿದ್ದರೂ ಆ ವಾರ ದಾಟುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದ್ದರಲ್ಲ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಆಫ್ ಮಾಡಲಿಲ್ಲ.

ಅಕ್ಟೋಬರ್ 29

ಬರೆಯಲು ಆಗಲಿಲ್ಲ. ಮಷೀನ್ ದಿನವೂ ಓಡಿತು. ಬಾಟಲಿಗೆ ನೀರು ತುಂಬಿದವಳು ನಾನೇ.

ಇವತ್ತು ಬಸ್ಸಿನಲ್ಲಿ ಮೀಟರ್ ವಾಪಸ್ ಕೊಟ್ಟೆ. ಲೋಕೇಶ ಅದನ್ನು ನೋಡಲೂ ಇಲ್ಲ. "ನಮ್ಮವ್ವ ಮುನಿಯಮ್ಮಂಗೆ ಉಸ್ರು ಕಟ್ತಾ ಐತೆ ಕಣಕ್ಕ. ಮನೇಲೇ ಆಕ್ಸಿಜನ್ ಇಡಿ ಅಂದವ್ರೆ. ನಿಮ್ಮ ಅಮ್ಮಂದು..." ಅಷ್ಟಕ್ಕೇ ನಿಲ್ಲಿಸಿದ.

ಅಬ್ಬಾಗೆ ಹೇಳಿದೆ. ರೇಗುತ್ತಾರೆ ಅಂದುಕೊಂಡಿದ್ದೆ. ಎದ್ದು ಅಮ್ಮಿಯ ಕೋಣೆಗೆ ಹೋದರು. ಮಷೀನಿನ ಮೇಲಿನ ದುಪಟ್ಟಾ ತೆಗೆದು ಮಡಚಿದರು.

"ಜೀವ ಇರೋರ್ಗೆ ಬೇಕಲ್ಲಮ್ಮಾ. ನಾನೇ ತಗೊಂಡ್ ಹೋಗ್ತೀನಿ."

ಅಕ್ಟೋಬರ್ 30

ಆಟೋದಲ್ಲಿ ಮಷೀನನ್ನು ತಬ್ಬಿಕೊಂಡು ಹೋದರು. ಮನೆ ಬಿಕೋ ಅನ್ನುತ್ತಿದೆ. ಅಮ್ಮಿ ಹೋದದ್ದು ಇವತ್ತೇ ಅನ್ನಿಸುತ್ತಿದೆ. ಯಾಕೋ ಎದ್ದೆದ್ದು ಆ ಕೋಣೆಗೆ ಹೋಗಿ ಬರುತ್ತೇನೆ.

ನವೆಂಬರ್ 2, ಭಾನುವಾರ, ಮಧ್ಯಾಹ್ನ

ದಿನಾ ಬೈರಾಪಟ್ಟಣಕ್ಕೆ ಹೋಗುತ್ತಿದ್ದಾರೆ ಅಬ್ಬಾ. ಮುನಿಯಮ್ಮನನ್ನು ನೋಡಿಕೊಂಡು ಸಂಜೆಗೆ ವಾಪಸ್. ನಿನ್ನೆ ಬರಲಿಲ್ಲ.

ಈಗ ಲೋಕೇಶನ ಫೋನ್.

"ಅಕ್ಕ, ಅವ್ವ ಚೆನ್ನಾಗವ್ಳೆ. ನಿನ್ನೆ 'ಸದ್ದು ತಡ್ಯಕ್ಕಾಗಲ್ಲ ಸಾಯಬ್ರೇ, ಒಸಿ ನಿಲ್ಸಿ' ಅಂದ್ಬುಟ್ಳು. ಅವಾಗಿಂದ ನಿಮ್ಮಪ್ಪಾರು ಸ್ವಿಚ್ ಮ್ಯಾಲೆ ಕೈ ಮುಚ್ಕಂಡು ಕುಂತವ್ರೆ. ಊಟ ಇಲ್ಲ, ನಿದ್ದೆ ಇಲ್ಲ. ನಮ್ನೂ ಹತ್ರ ಬುಡ್ತಿಲ್ಲ."

ಅಬ್ಬಾಗೆ ಫೋನ್ ಕೊಡು ಅಂದೆ. ಕೊಟ್ಟ. ಮೊದಲು ಬರೀ ಮಷೀನಿನ ಸದ್ದು. ಅದರ ಹಿಂದೆ ಮುನಿಯಮ್ಮನ ದನಿ. ಅಬ್ಬಾನ ಅವಸ್ಥೆ ಕಂಡೇ ಇರಬೇಕು, ಏನೋ ತಮಾಷೆ ಮಾಡುತ್ತಿದ್ದರು.

"ದಿಲ್ಶೂ," ಅಬ್ಬಾ ಪಿಸುಗುಟ್ಟಿದರು. "ನಗ್ತಾ ಅವ್ರೆ ಕಣಮ್ಮಾ. ಬೇಗ ಬಾ. ನಗ್ಬೇಡಿ ಅಂತ ನೀನಾದ್ರೂ ಹೇಳು."

ಹೊರಟಿದ್ದೇನೆ. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಅಲ್ಲಿ ಹೋಗಿ ಯಾರಿಗೆ ಏನು ಹೇಳಬೇಕು ಅಂತ —